ಅಯಾನಿನ ಬಣ್ಣವನ್ನು ಲೆಕ್ಕ ಹಾಕಿ ಹೇಳಬಹುದೇ?

ತಾಮ್ರದ ಬಣ್ಣ ಯಾವುದು ಎಂದು ಕೇಳಿದರೆ ಲೋಹದ ತಗಡನ್ನು ಕಂಡವರು ಕೆಂಪು ಎನ್ನುತ್ತಾರೆ, ಮೈಲುತುತ್ತದ ಹರಳನ್ನು ಕಂಡವರು ನೀಲಿ ಎನ್ನುತ್ತಾರೆ. ಅದೇ ಹರಳನ್ನು ಕಾಯಿಸಿ ಒಳಗಿನ ನೀರನ್ನು ಹೊರಗಟ್ಟಿದರೆ ಉಳಿಯುವುದು ಬಿಳಿಯ ಪುಡಿ. ದ್ರಾವಣಕ್ಕೆ ಅಮೋನಿಯಾ ಸುರಿದರೆ ಕಡುನೀಲಿ, ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ ಸುರಿದರೆ ಹಳದಿ ಬೆರೆತ ಹಸಿರು. ಕ್ಯೂಪ್ರಸ್ ಆಕ್ಸೈಡ್ ಕೆಂಪು, ಕ್ಯೂಪ್ರಿಕ್ ಆಕ್ಸೈಡ್ ಕಪ್ಪು, ತಾಮ್ರದ ಲವಣ ತಾಗಿದ ಜ್ವಾಲೆ ಹಸಿರು. ಇಷ್ಟೂ ಒಂದೇ ಧಾತುವಿನ ಬಣ್ಣಗಳು. ಹರಳಿನ ನೀಲಿ, ಪುಡಿಯ ಬಿಳಿ ಮತ್ತು ಅಮೋನಿಯಾದ ಕಡುನೀಲಿಯಲ್ಲಂತೂ ಅಯಾನು ಕೂಡ ಒಂದೇ: ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ತಾಮ್ರ.

ಹೀಗಿದ್ದೂ ರಸಾಯನಶಾಸ್ತ್ರದ ಪಠ್ಯಗಳಲ್ಲಿ ಅಯಾನುಗಳ ಬಣ್ಣದ ಪಟ್ಟಿಯೊಂದು ತಪ್ಪದೆ ಇರುತ್ತದೆ. ಕ್ಯೂಪ್ರಿಕ್ (ಎರಡು ಎಲೆಕ್ಟ್ರಾನ್ ಕಳೆದುಕೊಂಡ ತಾಮ್ರ) ನೀಲಿ, ಫೆರಿಕ್ (ಮೂರು ಕಳೆದುಕೊಂಡ ಕಬ್ಬಿಣ) ಹಳದಿ, ನಿಕ್ಕಲ್ ಹಸಿರು, ಸತುವಿಗೆ ಬಣ್ಣವಿಲ್ಲ. ವಿದ್ಯಾರ್ಥಿಗಳು ಅದನ್ನು ಬಾಯಿಪಾಠ ಮಾಡುತ್ತಾರೆ. ಅವರಲ್ಲಿ ಚುರುಕಾದವರು ಒಂದಲ್ಲ ಒಂದು ದಿನ ಕೇಳಿಯೇ ಕೇಳುತ್ತಾರೆ: ಪರಮಾಣು ಸಂಖ್ಯೆ ಗೊತ್ತು, ಎಲೆಕ್ಟ್ರಾನ್ ವಿನ್ಯಾಸ ಗೊತ್ತು, ಕ್ವಾಂಟಂ ಸಿದ್ಧಾಂತಕ್ಕೆ ನೂರು ವರ್ಷ ತುಂಬಿತು, ಮತ್ತೇಕೆ ಈ ಬಣ್ಣಗಳನ್ನು ಉರುಹೊಡೆಯಬೇಕು, ಲೆಕ್ಕ ಹಾಕಿ ಹೇಳಬಾರದೇ?

ಇದು ರಸಾಯನಶಾಸ್ತ್ರದ ಒಳ್ಳೆಯ ಪ್ರಶ್ನೆಗಳಲ್ಲಿ ಒಂದು. ಇದಕ್ಕೆ ಸಾಮಾನ್ಯವಾಗಿ ಸಿಗುವ ‘ಡಿ ಕಕ್ಷಕದಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಇದ್ದರೆ ಬಣ್ಣ’ ಎಂಬ ಒಂದು ಸಾಲಿನ ಉತ್ತರ (ಡಿ ಕಕ್ಷಕ ಎಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ನೆಲೆಸುವ ಒಂದು ಬಗೆಯ ಜಾಗ) ಪ್ರಶ್ನೆಗೆ ನ್ಯಾಯ ಒದಗಿಸುವುದಿಲ್ಲ. ನಿಜವಾದ ಉತ್ತರ ಎರಡು ತುದಿಗಳಲ್ಲಿದೆ. ಒಂಟಿಯಾಗಿ ಹಾರಾಡುವ ಪರಮಾಣುವಿನ ಬಣ್ಣವನ್ನು ಇಂದು ಬೆರಗಾಗುವಷ್ಟು ನಿಖರವಾಗಿ ಲೆಕ್ಕ ಹಾಕಬಹುದು. ಲೋಟದ ನೀರಿನಲ್ಲಿ ಕರಗಿದ ತಾಮ್ರದ ಅಯಾನಿನ ಬಣ್ಣವನ್ನು, ಮೊದಲೇ ನೋಡದೆ, ಖಚಿತವಾಗಿ ಹೇಳುವುದು ಇಂದಿಗೂ ಕಷ್ಟ. ನೆರೆಹೊರೆಯಿಲ್ಲದ ಪರಮಾಣುವಿನಿಂದ ನೆರೆಹೊರೆಯಿಂದಲೇ ಬಣ್ಣ ಪಡೆಯುವ ಅಯಾನಿನವರೆಗೆ ಹೆಜ್ಜೆ ಹೆಜ್ಜೆಯಾಗಿ ಹೋದರೆ ಈ ಕಷ್ಟ ಎಲ್ಲಿ ಹುಟ್ಟುತ್ತದೆ ಎಂಬುದು ಕಾಣುತ್ತದೆ.

ಕಣ್ಣು ಒಪ್ಪುವ ತಪ್ಪು ಎಷ್ಟು?

ಬಣ್ಣದ ಗಣಿತ ಮೇಲ್ನೋಟಕ್ಕೆ ಬಹಳ ಸರಳ. ಎಲೆಕ್ಟ್ರಾನ್ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಏರುವಾಗ ಎರಡರ ಶಕ್ತಿಯ ಅಂತರಕ್ಕೆ ಸರಿಹೊಂದುವ ಬೆಳಕನ್ನು ಹೀರಿಕೊಳ್ಳುತ್ತದೆ, ಇಳಿಯುವಾಗ ಹೊರಸೂಸುತ್ತದೆ. ಅಂತರವನ್ನು ಎಲೆಕ್ಟ್ರಾನ್ ವೋಲ್ಟ್ ಎಂಬ ಶಕ್ತಿಯ ಅಳತೆಯಲ್ಲಿ ಇಟ್ಟುಕೊಂಡು 1240ನ್ನು ಅದರಿಂದ ಭಾಗಿಸಿದರೆ ತರಂಗಾಂತರ ನ್ಯಾನೋಮೀಟರಿನಲ್ಲಿ ಸಿಗುತ್ತದೆ. ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕು ನಮ್ಮ ಕಣ್ಣಿಗೆ ಕಾಣುತ್ತದೆ. ಅಂದರೆ ಅಂತರ ಸುಮಾರು 1.8ರಿಂದ 3.1 ಎಲೆಕ್ಟ್ರಾನ್ ವೋಲ್ಟ್ ಒಳಗೆ ಬಿದ್ದರೆ ಬಣ್ಣ. ಅದಕ್ಕಿಂತ ಹೆಚ್ಚಾದರೆ ಅತಿನೇರಳೆ, ಕಡಿಮೆಯಾದರೆ ಅವಕೆಂಪು, ಎರಡೂ ನಮಗೆ ಕಾಣುವುದಿಲ್ಲ.

ಈ ಕಿಟಕಿ ಎಷ್ಟು ಕಿರಿದು ಎಂಬುದರಲ್ಲೇ ಕಷ್ಟದ ಅರ್ಧ ಭಾಗವಿದೆ. ಒಂದು ತಾಮ್ರದ ಪರಮಾಣುವಿನ ಎಲ್ಲ ಎಲೆಕ್ಟ್ರಾನುಗಳ ಒಟ್ಟು ಶಕ್ತಿ 44 ಸಾವಿರ ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು. ಅಷ್ಟು ದೊಡ್ಡ ಎರಡು ಮೊತ್ತಗಳನ್ನು ಒಂದರಿಂದೊಂದು ಕಳೆದು ಉಳಿಯುವ ಎರಡು ಮೂರು ಎಲೆಕ್ಟ್ರಾನ್ ವೋಲ್ಟಿನಲ್ಲಿ ಬಣ್ಣ ಅಡಗಿದೆ. ದೊಡ್ಡ ಅಣುಗಳಿಗೆ ಇಂದು ವ್ಯಾಪಕವಾಗಿ ಬಳಸುವ, ಎಲೆಕ್ಟ್ರಾನ್ ಸಾಂದ್ರತೆಯನ್ನು ಆಧರಿಸಿದ ಲೆಕ್ಕದ ವಿಧಾನಗಳಲ್ಲಿ 0.2ರಿಂದ 0.3 ಎಲೆಕ್ಟ್ರಾನ್ ವೋಲ್ಟಿನ ತಪ್ಪು ಸಾಮಾನ್ಯ. ಸಿದ್ಧಾಂತಿಗಳ ದೃಷ್ಟಿಯಲ್ಲಿ ಅದು ಹೆಮ್ಮೆಪಡಬಹುದಾದ ನಿಖರತೆ. ಕಣ್ಣಿನ ದೃಷ್ಟಿಯಲ್ಲಿ ಅದು ಏನೆಂದು ನೋಡೋಣ. ನಿಜವಾದ ಅಂತರ 2.3 ಎಲೆಕ್ಟ್ರಾನ್ ವೋಲ್ಟ್ ಇದ್ದರೆ ವಸ್ತು 540 ನ್ಯಾನೋಮೀಟರ್ ಸುತ್ತಲಿನ ಹಸಿರನ್ನು ನುಂಗುತ್ತದೆ, ಕೆನ್ನೇರಳೆಯಾಗಿ ಕಾಣುತ್ತದೆ. ಲೆಕ್ಕ 0.3 ಕಡಿಮೆ ಹೇಳಿದರೆ ಹೀರಿಕೆ 620ಕ್ಕೆ ಸರಿದು ವಸ್ತು ನೀಲಿಯಾಗಬೇಕು, 0.3 ಹೆಚ್ಚು ಹೇಳಿದರೆ 477ಕ್ಕೆ ಸರಿದು ಹಳದಿ ಅಥವಾ ಕಿತ್ತಳೆಯಾಗಬೇಕು. ಶಕ್ತಿಯ ಲೆಕ್ಕದಲ್ಲಿ ಚಿಕ್ಕದಾದ ತಪ್ಪು ಬಣ್ಣದ ಲೆಕ್ಕದಲ್ಲಿ ಪೂರ್ಣ ಸೋಲು. ಉಷ್ಣ, ಸಾಂದ್ರತೆ, ಬಂಧದ ಉದ್ದ ಇವುಗಳಲ್ಲಿ ಯಾವುದನ್ನು ಮುನ್ಸೂಚಿಸುವಾಗಲೂ ಇಷ್ಟು ನಿರ್ದಯ ಪರೀಕ್ಷಕ ಎದುರಿಗಿರುವುದಿಲ್ಲ.

ಅಂತರವೊಂದೇ ಸಾಲದು ಎಂಬುದೂ ಇದೆ. ಎಲೆಕ್ಟ್ರಾನಿನ ಆ ನೆಗೆತ ಎಷ್ಟು ಸುಲಭವಾಗಿ ನಡೆಯುತ್ತದೆ ಎಂಬುದು ಬಣ್ಣದ ಗಾಢತೆಯನ್ನು ನಿರ್ಧರಿಸುತ್ತದೆ, ಹೀರಿಕೆಯ ಪಟ್ಟಿ ಎಷ್ಟು ಅಗಲ ಎಂಬುದು ಬಣ್ಣದ ಶುದ್ಧತೆಯನ್ನು. ಮೂರನ್ನೂ ಸರಿಯಾಗಿ ಹೇಳಿದಾಗ ಮಾತ್ರ ಮುನ್ಸೂಚನೆ ಪೂರ್ಣ.

ಒಂಟಿ ಪರಮಾಣು, ಮತ್ತು ಜ್ವಾಲೆಯ ಬಗೆಗಿನ ತಪ್ಪು ಪಾಠ

ಅನಿಲ ಸ್ಥಿತಿಯ ಪರಮಾಣುವಿಗೆ ನೆರೆಹೊರೆಯಿಲ್ಲ. ಅದರ ರೋಹಿತದಲ್ಲಿ, ಅಂದರೆ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ, ಕೂದಲೆಳೆಯಂಥ ಗೆರೆಗಳಿರುತ್ತವೆ, ಒಂದೊಂದು ಧಾತುವಿಗೂ ಬೇರೆ ಬೇರೆ. ಬುನ್ಸೆನ್ ಮತ್ತು ಕಿರ್ಖಾಫ್ ಈ ಗೆರೆಗಳನ್ನೇ ಹಿಡಿದು 1860ರಲ್ಲಿ ಸೀಸಿಯಂ, 1861ರಲ್ಲಿ ರುಬಿಡಿಯಂ ಧಾತುಗಳನ್ನು ಕಂಡುಹಿಡಿದರು. 1863ರಲ್ಲಿ ಇಂಡಿಯಂ ಸಿಕ್ಕಿದ್ದೂ ಒಂದು ಕಡುನೀಲಿ ಗೆರೆಯಿಂದ. ಆ ಸಂಶೋಧನೆಯನ್ನು ಮುನ್ನಡೆಸಿದ ಫರ್ಡಿನಾಂಡ್ ರೈಕ್‌ಗೆ ಬಣ್ಣಗುರುಡು ಇದ್ದುದರಿಂದ ರೋಹಿತದರ್ಶಕದಲ್ಲಿ ಇಣುಕಿ ನೋಡಿ ಹೇಳುವ ಕೆಲಸವನ್ನು ಅವರ ಸಹಾಯಕ ಥಿಯೊಡೋರ್ ರಿಕ್ಟರ್ ಮಾಡಿದರು. ಅಲ್ಲಿಯವರೆಗೆ ಎಲ್ಲವೂ ನೋಡಿ ಗುರುತಿಸುವ ವಿದ್ಯೆ. 1885ರಲ್ಲಿ ಶಾಲಾ ಶಿಕ್ಷಕ ಬಾಮರ್ ಹೈಡ್ರೋಜನ್ನಿನ ನಾಲ್ಕು ಗೆರೆಗಳನ್ನು ಒಂದೇ ಸೂತ್ರಕ್ಕೆ ಇಳಿಸಿದಾಗ, 1913ರಲ್ಲಿ ಬೋರ್ ಆ ಸೂತ್ರಕ್ಕೆ ಕಾರಣ ಕೊಟ್ಟಾಗ, ಬಣ್ಣ ಮೊದಲ ಬಾರಿಗೆ ಲೆಕ್ಕದ ವಸ್ತುವಾಯಿತು.

ಆ ದಾರಿ ಈಗ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ನೊಬೆಲಿಯಂಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 102 ಪ್ರೋಟಾನುಗಳ ಈ ಧಾತು ಪ್ರಕೃತಿಯಲ್ಲಿ ಸಿಗುವುದಿಲ್ಲ. ವೇಗವರ್ಧಕದಲ್ಲಿ ಬೆರಳೆಣಿಕೆಯಷ್ಟು ಪರಮಾಣುಗಳಾಗಿ ಹುಟ್ಟಿ, 254 ಭಾರಾಂಕದ ಸಮಸ್ಥಾನಿಯಾದರೆ 51 ಸೆಕೆಂಡುಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದರ ಒಂದು ಚಿಟಿಕೆಯನ್ನು ಯಾರೂ ಕಂಡಿಲ್ಲ, ಕಾಣುವಂತೆಯೂ ಇಲ್ಲ. ಇಂಥ ಪರಮಾಣು ಯಾವ ಬೆಳಕನ್ನು ಹೀರುತ್ತದೆ ಎಂದು ಲೇಸರ್ ಹಿಡಿದು ಕುರುಡಾಗಿ ಹುಡುಕಿದರೆ ಜೀವಮಾನ ಸಾಲದು. ಸಾಪೇಕ್ಷತೆಯನ್ನೂ ಎಲೆಕ್ಟ್ರಾನುಗಳ ಪರಸ್ಪರ ಪ್ರಭಾವವನ್ನೂ ಒಳಗೊಂಡ ಲೆಕ್ಕಗಳು ಹುಡುಕಬೇಕಾದ ವ್ಯಾಪ್ತಿಯನ್ನು ಮೊದಲೇ ಕಿರಿದುಗೊಳಿಸಿದ್ದವು. ಜರ್ಮನಿಯ ಡಾರ್ಮ್‌ಸ್ಟಾಟ್‌ನ ಜಿಎಸ್‌ಐ ಪ್ರಯೋಗಾಲಯದಲ್ಲಿ ವಿಜ್ಞಾನಿಗಳು ಆ ವ್ಯಾಪ್ತಿಯಲ್ಲೇ ಹುಡುಕಿ ಗೆರೆಯನ್ನು ಕಂಡರು, 2016ರಲ್ಲಿ ಪ್ರಕಟಿಸಿದರು. ಅದು ಸುಮಾರು 334 ನ್ಯಾನೋಮೀಟರ್‌ನಲ್ಲಿದೆ, ಅತಿನೇರಳೆಯಲ್ಲಿ. ಕಣ್ಣಿಗೆ ಬೀಳದ ಬಣ್ಣವನ್ನು ಕಾಗದದ ಮೇಲೆ ಮೊದಲು ಕಂಡು, ಬಳಿಕ ಪರಮಾಣುವಿನಲ್ಲಿ ಕಂಡ ಸಾಧನೆ ಇದು.

ಇಲ್ಲೇ ಒಂದು ಮಾತನ್ನು ಒತ್ತಿ ಹೇಳಬೇಕು. ‘ಜ್ವಾಲಾ ಪರೀಕ್ಷೆ’ಯ ಬಣ್ಣಗಳೆಲ್ಲ ಲೋಹದ ಪರಮಾಣುವಿನ ಎಲೆಕ್ಟ್ರಾನ್ ಏರಿ ಇಳಿಯುವುದರಿಂದ ಬರುತ್ತವೆ ಎಂದು ಬಹುತೇಕ ಪಠ್ಯಗಳು ಕಲಿಸುತ್ತವೆ. ಸೋಡಿಯಂ ವಿಷಯದಲ್ಲಿ ಇದು ನಿಜ. ಉಪ್ಪಿನಲ್ಲಿರುವ ಸೋಡಿಯಂ ಅಯಾನಿಗೆ ಬಣ್ಣವಿಲ್ಲ. ಅದರ ತುಂಬಿದ ಕವಚದಿಂದ ಒಂದು ಎಲೆಕ್ಟ್ರಾನನ್ನು ಮೇಲೇರಿಸಲು 30 ಎಲೆಕ್ಟ್ರಾನ್ ವೋಲ್ಟಿಗೂ ಹೆಚ್ಚು ಬೇಕು. ಜ್ವಾಲೆಯಲ್ಲಿ ಅಯಾನು ಎಲೆಕ್ಟ್ರಾನನ್ನು ಮರಳಿ ಪಡೆದು ಪರಮಾಣುವಾಗುತ್ತದೆ, ಆ ಪರಮಾಣು 589 ನ್ಯಾನೋಮೀಟರ್‌ನ ಹಳದಿಯನ್ನು ಸೂಸುತ್ತದೆ. ಆದರೆ ಸ್ಟ್ರಾನ್ಷಿಯಂ? ಅದರ ಒಂಟಿ ಪರಮಾಣುವಿನ ಪ್ರಬಲ ಗೆರೆ 460.7 ನ್ಯಾನೋಮೀಟರ್‌ನಲ್ಲಿದೆ, ಅಚ್ಚ ನೀಲಿ. ಪಾಠದಲ್ಲಿರುವಂತೆ ಲೆಕ್ಕ ಹಾಕಿದ ವಿದ್ಯಾರ್ಥಿ ಸ್ಟ್ರಾನ್ಷಿಯಂ ಜ್ವಾಲೆ ನೀಲಿ ಎಂದೇ ಬರೆಯಬೇಕು. ಕಾಣುವುದು ಕಡುಗೆಂಪು. ಆ ಕೆಂಪನ್ನು ಸೂಸುವುದು ಜ್ವಾಲೆಯಲ್ಲಿ ಕ್ಷಣಕಾಲ ಹುಟ್ಟುವ ಸ್ಟ್ರಾನ್ಷಿಯಂ ಹೈಡ್ರಾಕ್ಸೈಡ್ ಮತ್ತು ಸ್ಟ್ರಾನ್ಷಿಯಂ ಕ್ಲೋರೈಡ್ ಅಣುತುಣುಕುಗಳು. ಕ್ಯಾಲ್ಸಿಯಂ ಕೂಡ ಹಾಗೆಯೇ: ಪರಮಾಣುವಿನ ಗೆರೆ 422.7ರ ನೇರಳೆ, ಜ್ವಾಲೆಯ ಬಣ್ಣ ಇಟ್ಟಿಗೆಗೆಂಪು. ತಾಮ್ರದ ಪರಮಾಣುವಿನ ಪ್ರಬಲ ಗೆರೆಗಳು ಅತಿನೇರಳೆಯಲ್ಲಿವೆ. ಜ್ವಾಲೆಯ ಹಸಿರಿನ ಬಹುಪಾಲು ಬರುವುದು ತಾಮ್ರ ಮತ್ತು ಹೈಡ್ರಾಕ್ಸಿಲ್ ಸೇರಿದ ಅಣುವಿನಿಂದ, ಕ್ಲೋರಿನ್ ಇದ್ದರೆ ಬರುವ ನೀಲಿ ತಾಮ್ರದ ಕ್ಲೋರೈಡಿನಿಂದ. ಬಾಣಬಿರುಸು ತಯಾರಿಸುವವರು ಇದನ್ನು ಬಲ್ಲರು. ಅವರು ಮದ್ದಿನ ಮಿಶ್ರಣದಲ್ಲಿ ಕ್ಲೋರಿನ್ ಒದಗಿಸುವ ವಸ್ತುವನ್ನು ಬೇಕೆಂದೇ ಸೇರಿಸುತ್ತಾರೆ.

ಸರಿಯಾದ ಬಣ್ಣಕ್ಕೆ ತಪ್ಪು ಕಾರಣ ಹೇಳುವ ಪಾಠ ಯಾರಿಗೂ ನೋವು ಮಾಡುವುದಿಲ್ಲ ಎನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಪರಮಾಣುವಿನ ಪಕ್ಕದಲ್ಲಿ ಯಾರಿದ್ದಾರೆ ಎಂಬುದು ಬಣ್ಣವನ್ನು ನೀಲಿಯಿಂದ ಕೆಂಪಿಗೆ ಒಯ್ಯಬಲ್ಲದು ಎಂಬ, ಈ ವಿಷಯದ ಅತಿ ಮುಖ್ಯ ಸತ್ಯವನ್ನು ಆ ಪಾಠ ಮೊದಲ ದಿನವೇ ಮುಚ್ಚಿಡುತ್ತದೆ.

ನೆರೆಹೊರೆ ಬಂದ ಮೇಲೆ

ಸಂಕ್ರಮಣ ಲೋಹದ ಅಯಾನು ಒಂಟಿಯಾಗಿದ್ದಾಗ ಅದರ ಐದು ಡಿ ಕಕ್ಷಕಗಳ ಶಕ್ತಿ ಒಂದೇ. ಸುತ್ತ ನೀರು, ಅಮೋನಿಯಾ, ಕ್ಲೋರೈಡ್, ಆಕ್ಸಿಜನ್ ಹೀಗೆ ಲಿಗ್ಯಾಂಡುಗಳು (ಲೋಹಕ್ಕೆ ಅಂಟಿಕೊಳ್ಳುವ ನೆರೆಯವರು) ಬಂದು ನಿಂತಾಗ, ಅವುಗಳ ಕಡೆಗೆ ಚಾಚಿದ ಕಕ್ಷಕಗಳು ಮೇಲೆ ಹೋಗುತ್ತವೆ, ಉಳಿದವು ಕೆಳಗೆ ಉಳಿಯುತ್ತವೆ. 1929ರಲ್ಲಿ ಹಾನ್ಸ್ ಬೆಥೆ ಹರಳುಗಳ ಒಳಗಿನ ಅಯಾನುಗಳಿಗಾಗಿ ಈ ಸೀಳಿಕೆಯ ಗಣಿತವನ್ನು ರೂಪಿಸಿದರು. ಜಪಾನಿನ ರ್ಯೂತಾರೊ ತ್ಸುಚಿದಾ 1938ರಲ್ಲಿ ಯಾವ ಲಿಗ್ಯಾಂಡ್ ಎಷ್ಟು ಸೀಳುತ್ತದೆ ಎಂಬ ಏರಿಕೆಯ ಸಾಲನ್ನು ಪ್ರಯೋಗಗಳಿಂದ ಜೋಡಿಸಿದರು: ಅಯೊಡೈಡ್, ಕ್ಲೋರೈಡ್‌ಗಳದು ಕಡಿಮೆ, ನೀರಿನದು ನಡುವೆ, ಅಮೋನಿಯಾದ್ದು ಹೆಚ್ಚು, ಸಯನೈಡಿನದು ಇನ್ನೂ ಹೆಚ್ಚು. ಒಂದೇ ಒಂದು ಡಿ ಎಲೆಕ್ಟ್ರಾನ್ ಇರುವ ಟೈಟೇನಿಯಂನ ಮೂರನೆಯ ಆಕ್ಸಿಡೀಕರಣ ಸ್ಥಿತಿ, ಅಂದರೆ ಮೂರು ಎಲೆಕ್ಟ್ರಾನ್ ಕಳೆದುಕೊಂಡ ಟೈಟೇನಿಯಂ, ಇದರ ಮಾದರಿ ಉದಾಹರಣೆ. ಆರು ನೀರಿನ ಅಣುಗಳ ನಡುವೆ ಅದು 493 ನ್ಯಾನೋಮೀಟರ್ ಆಸುಪಾಸಿನ ನೀಲಿ-ಹಸಿರನ್ನು ಹೀರಿ ನೇರಳೆಯಾಗಿ ಕಾಣುತ್ತದೆ. ತಾಮ್ರದ ಅಯಾನಿನ ಹೀರಿಕೆ ನೀರಿನಲ್ಲಿ 800 ನ್ಯಾನೋಮೀಟರ್ ಸುತ್ತ, ಅದರ ಅಂಚು ಮಾತ್ರ ಕೆಂಪನ್ನು ತಿನ್ನುತ್ತದೆ, ಹಾಗಾಗಿ ತಿಳಿನೀಲಿ. ಅಮೋನಿಯಾ ಬಂದಾಗ ಸೀಳಿಕೆ ಹೆಚ್ಚಿ ಹೀರಿಕೆ 600ರ ಹತ್ತಿರ ಬರುತ್ತದೆ, ಕಡುನೀಲಿ. ಸತುವಿನ ಡಿ ಕಕ್ಷಕಗಳು ಪೂರ್ತಿ ತುಂಬಿವೆ, ನೆಗೆಯಲು ಜಾಗವಿಲ್ಲ, ಬಣ್ಣವಿಲ್ಲ.

ಇಷ್ಟು ಸೊಗಸಾದ ಚೌಕಟ್ಟು ಇದ್ದರೂ ಅದು ಮುನ್ಸೂಚನೆ ಅಲ್ಲ ಎಂಬುದನ್ನು ಗಮನಿಸಬೇಕು. ಸೀಳಿಕೆ ಎಷ್ಟು ಎಂಬ ಸಂಖ್ಯೆಯನ್ನು ಸಿದ್ಧಾಂತ ಕೊಡಲಿಲ್ಲ. ಬಣ್ಣವನ್ನು ಅಳೆದು ಸಂಖ್ಯೆಯನ್ನು ಪಡೆದು, ಆ ಸಂಖ್ಯೆಯಿಂದ ಬಣ್ಣವನ್ನು ವಿವರಿಸಿದೆವು. ಹೋಲಿಕೆಗೆ ಇದು ಬಹಳ ಉಪಯುಕ್ತ. ನಿಕ್ಕಲ್‌ನ ಹಸಿರು ದ್ರಾವಣಕ್ಕೆ ಅಮೋನಿಯಾ ಹಾಕಿದರೆ ಹೀರಿಕೆ ಹೆಚ್ಚಿನ ಶಕ್ತಿಯ ಕಡೆಗೆ ಸರಿಯುತ್ತದೆ ಎಂದು ಧೈರ್ಯವಾಗಿ ಹೇಳಬಹುದು, ದ್ರಾವಣ ನೀಲಿಗೆ ತಿರುಗುವುದನ್ನು ಕಾಣಬಹುದು. ಏನನ್ನೂ ಅಳೆಯದೆ, ಆವರ್ತ ಕೋಷ್ಟಕವೊಂದನ್ನೇ ಮುಂದಿಟ್ಟುಕೊಂಡು, ನಿಕ್ಕಲ್ ದ್ರಾವಣ ಹಸಿರು ಎನ್ನಲು ಈ ಚೌಕಟ್ಟಿಗೆ ಸಾಧ್ಯವಿಲ್ಲ.

ಒಂದು ಸಾಲಿನ ನಿಯಮವಂತೂ ಎರಡೂ ಕಡೆ ಎಡವುತ್ತದೆ. ಮ್ಯಾಂಗನೀಸಿನ ಎರಡನೆಯ ಸ್ಥಿತಿಯಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನುಗಳು ಐದು, ಅದಕ್ಕಿಂತ ಹೆಚ್ಚು ಇರುವಂತಿಲ್ಲ. ಬಣ್ಣ? ಬಹುತೇಕ ನೀರಿನಂಥ ತಿಳಿ ಗುಲಾಬಿ. ಯಾವ ನೆಗೆತಕ್ಕೂ ಒಂದು ಎಲೆಕ್ಟ್ರಾನಿನ ಸ್ಪಿನ್ (ಪುಟ್ಟ ಕಾಂತದಂಥ ಗುಣ) ತಿರುಗಬೇಕಾಗುತ್ತದೆ, ಪ್ರಕೃತಿ ಅದನ್ನು ಸುಲಭವಾಗಿ ಬಿಡುವುದಿಲ್ಲ. ಪರ್ಮಾಂಗನೇಟಿನ ಮ್ಯಾಂಗನೀಸಿನಲ್ಲಿ ಒಂದೂ ಡಿ ಎಲೆಕ್ಟ್ರಾನ್ ಇಲ್ಲ, ನಿಯಮದ ಪ್ರಕಾರ ಬಣ್ಣವೇ ಇರಬಾರದು. ಅದರ ಕೆನ್ನೇರಳೆಗೆ ಒಂದು ಹನಿ ಸಾಕು. ಎರಡರ ಹೀರಿಕೆಯ ಬಲದಲ್ಲಿ ಹತ್ತಾರು ಸಾವಿರ ಪಟ್ಟು ವ್ಯತ್ಯಾಸವಿದೆ. ಪರ್ಮಾಂಗನೇಟಿನಲ್ಲಿ ಆಕ್ಸಿಜನ್ನಿನ ಎಲೆಕ್ಟ್ರಾನ್ ಲೋಹದ ಖಾಲಿ ಕಕ್ಷಕಕ್ಕೆ ಹಾರುತ್ತದೆ, ಇದನ್ನು ಆವೇಶ ವರ್ಗಾವಣೆ ಎನ್ನುತ್ತಾರೆ. ಇಲ್ಲಿ ಒಂದು ಚೆಂದದ ಕ್ರಮವೂ ಇದೆ. ವೆನಡೇಟ್, ಕ್ರೋಮೇಟ್, ಪರ್ಮಾಂಗನೇಟ್ ಮೂರರಲ್ಲೂ ಎಲೆಕ್ಟ್ರಾನುಗಳ ಸಂಖ್ಯೆ ಒಂದೇ, ಲೋಹದ ಆಕ್ಸಿಡೀಕರಣ ಸಂಖ್ಯೆ 5, 6, 7 ಎಂದು ಏರುತ್ತದೆ. ಏರಿದಂತೆ ಲೋಹದ ಎಲೆಕ್ಟ್ರಾನ್ ದಾಹ ಹೆಚ್ಚಿ ಅಂತರ ಕುಗ್ಗುತ್ತದೆ. ಮೊದಲನೆಯದು ಬಣ್ಣವಿಲ್ಲದ್ದು, ಎರಡನೆಯದು ಹಳದಿ, ಮೂರನೆಯದು ಕೆನ್ನೇರಳೆ.

ಪಟ್ಟಿಯಲ್ಲಿ ‘ಫೆರಿಕ್ ಹಳದಿ’ ಎಂದಿರುವುದೂ ಇಂಥದೇ ಅರೆಸತ್ಯ. ಆರು ನೀರಿನ ಅಣುಗಳಿಂದ ಸುತ್ತುವರಿದ ಫೆರಿಕ್ ಅಯಾನಿನ ಬಣ್ಣ ಬಲು ತಿಳಿಯಾದ ನೇರಳೆ. ಫೆರಿಕ್ ಆಲಮ್‌ನ ಹರಳಿನಲ್ಲಿ ಅದನ್ನು ಕಾಣಬಹುದು. ನೀರಿನಲ್ಲಿ ಕರಗಿದೊಡನೆ ಕೆಲವು ನೀರಿನ ಅಣುಗಳು ಪ್ರೋಟಾನ್ ಕಳೆದುಕೊಂಡು ಹೈಡ್ರಾಕ್ಸೈಡುಗಳಾಗುತ್ತವೆ, ಆಗ ಆವೇಶ ವರ್ಗಾವಣೆಯ ಹಳದಿ ಆ ಸೌಮ್ಯ ನೇರಳೆಯನ್ನು ನುಂಗಿಹಾಕುತ್ತದೆ. ಕ್ಲೋರೈಡ್ ಇದ್ದರಂತೂ ಇನ್ನೂ ಹಳದಿ.

ಮಾಣಿಕ್ಯ ಮತ್ತು ಪಚ್ಚೆಯ ಕಥೆಯನ್ನು ಕೊಂಚ ನಿಧಾನವಾಗಿ ನೋಡಬೇಕು. ಎರಡಕ್ಕೂ ಬಣ್ಣ ಕೊಡುವುದು ಮೂರು ಆವೇಶದ ಕ್ರೋಮಿಯಂ. ಎರಡರಲ್ಲೂ ಅದು ಅಲ್ಯೂಮಿನಿಯಂ ಇರಬೇಕಾದ ಜಾಗದಲ್ಲಿ ಕೂತಿರುತ್ತದೆ, ಸುತ್ತ ಆರು ಆಕ್ಸಿಜನ್‌ಗಳು. ಮಾಣಿಕ್ಯದಲ್ಲಿ ಮುಖ್ಯ ಹೀರಿಕೆ ಸುಮಾರು 2.2 ಎಲೆಕ್ಟ್ರಾನ್ ವೋಲ್ಟಿನಲ್ಲಿ, ಪಚ್ಚೆಯಲ್ಲಿ ಸುಮಾರು 0.2 ಕಡಿಮೆ. ಅಷ್ಟರಿಂದಲೇ ಒಂದು ಕೆಂಪು, ಇನ್ನೊಂದು ಹಸಿರು. ಅಲೆಕ್ಸಾಂಡ್ರೈಟ್ ಎಂಬ ಮೂರನೆಯ ರತ್ನದಲ್ಲಿ ಈ ಬೆಲೆ ಇವೆರಡರ ನಡುವೆ ಬೀಳುವುದರಿಂದ ಹಗಲ ಬೆಳಕಿನಲ್ಲಿ ಹಸಿರಾಗಿಯೂ ದೀಪದ ಬೆಳಕಿನಲ್ಲಿ ಕೆಂಪಾಗಿಯೂ ಕಾಣುತ್ತದೆ. ಬಹಳ ಕಾಲ ಇದಕ್ಕೆ ಕೊಟ್ಟ ವಿವರಣೆ ಸುಲಭದ್ದು: ಮಾಣಿಕ್ಯದಲ್ಲಿ ಕ್ರೋಮಿಯಂ ಆಕ್ಸಿಜನ್ನಿಗೆ ಹತ್ತಿರ, ಪಚ್ಚೆಯಲ್ಲಿ ದೂರ. ಎಕ್ಸ್ ಕಿರಣಗಳಿಂದ ಆ ದೂರಗಳನ್ನು ನೇರವಾಗಿ ಅಳೆದಾಗ ಎರಡೂ ಬಹುತೇಕ ಒಂದೇ ಎಂದು ತಿಳಿಯಿತು. ಹಾಗಾದರೆ ವ್ಯತ್ಯಾಸ ಎಲ್ಲಿಂದ? ಆರು ಆಕ್ಸಿಜನ್‌ಗಳ ಆಚೆಗಿರುವ ಇಡೀ ಹರಳಿನ ವಿದ್ಯುತ್ ಕ್ಷೇತ್ರ ಕ್ರೋಮಿಯಂ ಇರುವ ಜಾಗದಲ್ಲಿ ಎರಡೂ ಹರಳುಗಳಲ್ಲಿ ಬೇರೆ ಬೇರೆಯಾಗಿರುತ್ತದೆ ಎಂಬ ವಿವರಣೆಯನ್ನು ಲೆಕ್ಕಗಳು ಮುಂದಿಟ್ಟಿವೆ. ಅಂದರೆ ಅಯಾನಿನ ಬಣ್ಣಕ್ಕೆ ಪಕ್ಕದ ಮನೆಯಷ್ಟೇ ಅಲ್ಲ, ಇಡೀ ಊರನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನೀಲಮಣಿಯಲ್ಲಂತೂ ಬಣ್ಣಕ್ಕೆ ಒಂದು ಅಯಾನನ್ನು ಹೊಣೆ ಮಾಡುವುದೇ ಆಗದ ಕೆಲಸ. ಹರಳಿನೊಳಗೆ ಅಕ್ಕಪಕ್ಕ ಬಿದ್ದ ಕಬ್ಬಿಣದಿಂದ ಟೈಟೇನಿಯಂಗೆ ಎಲೆಕ್ಟ್ರಾನ್ ದಾಟುವಾಗ ಆ ನೀಲಿ ಹುಟ್ಟುತ್ತದೆ. ಟೈಟೇನಿಯಂ ಒಂದೇ ಇದ್ದರೆ ಬಣ್ಣವಿಲ್ಲ, ಕಬ್ಬಿಣ ಒಂದೇ ಇದ್ದರೆ ಆ ನೀಲಿ ಬರುವುದಿಲ್ಲ.

ಹರಳಿನಲ್ಲಿ ನೆರೆಹೊರೆ ಕನಿಷ್ಠ ಒಂದೆಡೆ ನಿಂತಿರುತ್ತದೆ. ನೀರಿನಲ್ಲಿ ಅದೂ ಇಲ್ಲ. ತಾಮ್ರದ ಅಯಾನಿನ ಸುತ್ತ ಆರು ನೀರಿನ ಅಣುಗಳು, ಅವುಗಳಲ್ಲಿ ಎರಡು ದೂರದಲ್ಲಿ, ಎಂಬುದು ಪಠ್ಯದ ಚಿತ್ರ. 2001ರಲ್ಲಿ ಪ್ರಕಟವಾದ ಅಧ್ಯಯನವೊಂದು ಐದೇ ಅಣುಗಳು ಎಂದು ವಾದಿಸಿತು. ಅಣುಗಳು ಒಂದೇ ಸಮನೆ ಬಂದು ಹೋಗುತ್ತಿರುವುದರಿಂದ ಒಂದು ಸ್ಥಿರ ಚಿತ್ರವನ್ನು ಹಿಡಿದು ಲೆಕ್ಕ ಹಾಕುವಂತಿಲ್ಲ. ಸಾವಿರಾರು ಕ್ಷಣಚಿತ್ರಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ ಸರಾಸರಿ ತೆಗೆಯಬೇಕು. ಜೊತೆಗೆ ಡಿ ಎಲೆಕ್ಟ್ರಾನುಗಳು ಒಂದನ್ನೊಂದು ದೂರವಿಡುತ್ತ ಒಟ್ಟಾಗಿ ಚಲಿಸುವುದರಿಂದ ಒಂದೇ ಎಲೆಕ್ಟ್ರಾನ್ ವಿನ್ಯಾಸದ ಚಿತ್ರ ಸಾಲದಾಗಿ, ಹಲವು ವಿನ್ಯಾಸಗಳನ್ನು ಬೆರೆಸುವ ದುಬಾರಿ ವಿಧಾನಗಳಿಗೆ ಹೋಗಬೇಕು. ಇಷ್ಟೆಲ್ಲ ಮಾಡಿದ ಮೇಲೂ ಕಣ್ಣು ಬೇಡುವ 0.1 ಎಲೆಕ್ಟ್ರಾನ್ ವೋಲ್ಟಿನ ಭರವಸೆ ಸಿಗುವುದಿಲ್ಲ. ಹತ್ತನೆಯ ತರಗತಿಯ ಪ್ರಯೋಗಾಲಯದ ನೀಲಿ ದ್ರಾವಣ ಸೂಪರ್ ಕಂಪ್ಯೂಟರಿಗೆ ಇಷ್ಟು ಭಾರವಾಗಿರುವುದು ಹೀಗೆ.

ಒಳಗೆ ಅಡಗಿದ ಎಲೆಕ್ಟ್ರಾನುಗಳು, ದೂರದ ಸ್ಫೋಟ

ಆವರ್ತ ಕೋಷ್ಟಕದಲ್ಲಿ ಲ್ಯಾಂಥನಂನಿಂದ ಲುಟೀಷಿಯಂವರೆಗಿನ ಧಾತುಗಳಾದ ಲ್ಯಾಂಥನೈಡುಗಳು ಈ ಸಂಕಷ್ಟದಿಂದ ಬಹುಮಟ್ಟಿಗೆ ಪಾರಾಗಿವೆ. ಅವುಗಳ ಎಫ್ ಎಲೆಕ್ಟ್ರಾನುಗಳು ಹೊರಗಿನ ತುಂಬಿದ ಕವಚಗಳ ಹಿಂದೆ ಅಡಗಿರುವುದರಿಂದ ನೆರೆಹೊರೆಯ ಗದ್ದಲ ಅವುಗಳಿಗೆ ಹೆಚ್ಚು ಕೇಳಿಸುವುದಿಲ್ಲ. ನಿಯೋಡಿಮಿಯಂ ಗಾಜಿನಲ್ಲೂ ನೀರಿನಲ್ಲೂ ಹರಳಿನಲ್ಲೂ ಹೆಚ್ಚುಕಡಿಮೆ ಒಂದೇ ತಿಳಿನೇರಳೆ. ಅದರ ಹೀರಿಕೆ ಎಷ್ಟು ಚೂಪು ಎಂದರೆ, ನಿಯೋಡಿಮಿಯಂ ಮತ್ತು ಪ್ರೇಸಿಯೋಡಿಮಿಯಂ ಬೆರೆಸಿದ ಗಾಜಿನ ಕನ್ನಡಕ ಸೋಡಿಯಂನ ಹಳದಿ ಪ್ರಖರತೆಯನ್ನು ಮಾತ್ರ ತಡೆಯುತ್ತದೆ, ಗಾಜನ್ನು ಕಾಯಿಸಿ ಊದುವವರು ಅದನ್ನು ಧರಿಸುತ್ತಾರೆ. ಹೋಲ್ಮಿಯಂನ ಗೆರೆಗಳನ್ನು ಬಳಸಿ ರೋಹಿತಮಾಪಕಗಳ ತರಂಗಾಂತರವನ್ನೇ ಸರಿಪಡಿಸುತ್ತಾರೆ. ಇಲ್ಲಿ ಒಂದು ಸರಳ ಸಮ್ಮಿತಿಯೂ ಕೆಲಸಕ್ಕೆ ಬರುತ್ತದೆ: ಎಫ್ ಕಕ್ಷಕದಲ್ಲಿ ಎರಡು ಎಲೆಕ್ಟ್ರಾನ್ ಇರುವ ಪ್ರೇಸಿಯೋಡಿಮಿಯಂ ಹಸಿರು, ಪೂರ್ತಿ ತುಂಬಲು ಎರಡು ಕಡಿಮೆ ಇರುವ ಥೂಲಿಯಂ ತಿಳಿಹಸಿರು, ಏನೂ ಇಲ್ಲದ ಲ್ಯಾಂಥನಂ, ಅರ್ಧ ತುಂಬಿದ ಗ್ಯಾಡೊಲಿನಿಯಂ, ಪೂರ್ತಿ ತುಂಬಿದ ಲುಟೀಷಿಯಂ ಮೂರಕ್ಕೂ ಬಣ್ಣವಿಲ್ಲ.

ಬಣ್ಣದ ಮುನ್ಸೂಚನೆಯ ಅತಿ ದೊಡ್ಡ ಗೆಲುವು ಬಂದದ್ದು ಈ ಲ್ಯಾಂಥನೈಡುಗಳಿಂದಲೇ, ಅದೂ ಪ್ರಯೋಗಾಲಯದ ಹೊರಗೆ. ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿ ಹೊಡೆದಾಗ ಸಿಡಿಯುವ ದ್ರವ್ಯದಲ್ಲಿ ಭಾರವಾದ ಧಾತುಗಳು ಹುಟ್ಟುತ್ತವೆ ಎಂದು ಊಹಿಸಲಾಗಿತ್ತು. ಹಾಗೆ ಹುಟ್ಟುವ ಲ್ಯಾಂಥನೈಡ್ ಅಯಾನುಗಳ ಲಕ್ಷಾಂತರ ಗೆರೆಗಳನ್ನು ಲೆಕ್ಕ ಹಾಕಿದ ಡೇನಿಯಲ್ ಕೇಸನ್, ಜೆನಿಫರ್ ಬಾರ್ನ್ಸ್ ಮತ್ತು ಸಂಗಡಿಗರು 2013ರಲ್ಲಿ ಒಂದು ಸ್ಪಷ್ಟ ಮಾತು ಹೇಳಿದರು: ಈ ಅಯಾನುಗಳು ನೀಲಿ ಬೆಳಕಿಗೆ ದಾರಿ ಬಿಡವು, ಹಾಗಾಗಿ ಅಂಥ ಸ್ಫೋಟ ಕೆಂಪಾಗಿ, ಅವಕೆಂಪಿನಲ್ಲಿ ಹೆಚ್ಚು ಕಾಲ ಬೆಳಗಬೇಕು. 2017ರ ಆಗಸ್ಟ್ 17ರಂದು ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದ ಅಂಥದೊಂದು ಡಿಕ್ಕಿಯ ಗುರುತ್ವ ಅಲೆಗಳು ಸಿಕ್ಕವು, ದೂರದರ್ಶಕಗಳು ಅತ್ತ ತಿರುಗಿದವು. ಮೊದಲು ನೀಲಿಯಾಗಿ ಕಂಡ ಬೆಳಕು ಕೆಲವೇ ದಿನಗಳಲ್ಲಿ ಕೆಂಪಿಗೆ, ಅವಕೆಂಪಿಗೆ ಸರಿಯಿತು. ಲೆಕ್ಕದಲ್ಲಿ ಹೇಳಿದ್ದ ಬಣ್ಣವೇ ಭಾರ ಧಾತುಗಳು ಅಲ್ಲಿ ಹುಟ್ಟಿದವು ಎಂಬುದಕ್ಕೆ ಸಾಕ್ಷಿಯಾಯಿತು. ಅದರ ರೋಹಿತದಲ್ಲಿ ಸ್ಟ್ರಾನ್ಷಿಯಂ ಅಯಾನಿನ ಗುರುತಿದೆ ಎಂದು 2019ರಲ್ಲಿ ಒಂದು ತಂಡ ಪ್ರಕಟಿಸಿತು. ಗೆರೆಗಳ ಪೂರ್ಣ ಪಟ್ಟಿ ಇಲ್ಲದ ಅಯಾನುಗಳು ಇನ್ನೂ ಬಹಳ ಇವೆ. ಒಂದೊಂದು ಅಯಾನಿನ ಲೆಕ್ಕವೂ ಈಗ ಖಗೋಳ ವಿಜ್ಞಾನಿಗಳಿಗೆ ಅಗತ್ಯದ ದತ್ತಾಂಶ.

ಚಿನ್ನದ ಮಾತು ಬರದೆ ಈ ಚರ್ಚೆ ಮುಗಿಯದು, ಆದರೆ ಅದು ಲೋಹದ ಬಣ್ಣ, ಪರಮಾಣುವಿನದಲ್ಲ. ಒಂಟಿ ಚಿನ್ನದ ಪರಮಾಣು ಹೊನ್ನಿನ ಬಣ್ಣದ್ದಾಗಿರುವುದಿಲ್ಲ. ಸಾಪೇಕ್ಷತೆಯ ಪರಿಣಾಮದಿಂದ ಲೋಹದಲ್ಲಿನ ಅಂತರ ಸುಮಾರು 2.4 ಎಲೆಕ್ಟ್ರಾನ್ ವೋಲ್ಟಿಗೆ ಕುಗ್ಗಿ ನೀಲಿ ಹೀರಲ್ಪಡುತ್ತದೆ ಎಂದಷ್ಟು ಹೇಳಿದರೆ ಸಾಕು. ಸಾಪೇಕ್ಷತೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಚಿನ್ನ ಬೆಳ್ಳಿಯಂತೆ ಕಾಣಬೇಕಾಗುತ್ತದೆ.

ಸಿಕ್ಕ ನೀಲಿ, ಸಿಗದ ಕೆಂಪು

ಇತ್ತೀಚಿನ ವರ್ಷಗಳಲ್ಲಿ ಯಂತ್ರಕಲಿಕೆಯ ಮೇಲೆ ಬಹಳ ನಿರೀಕ್ಷೆ ಇದೆ. ಸಾವಿರಾರು ಲೋಹ ಸಂಕೀರ್ಣಗಳ ಮಾಹಿತಿಯನ್ನು ಉಣಿಸಿದರೆ ಹೊಸ ಸಂಕೀರ್ಣದ ಬಣ್ಣವನ್ನು ಕ್ಷಣದಲ್ಲಿ ಹೇಳುವ ಮಾದರಿಗಳನ್ನು ಕಟ್ಟಬಹುದು. ಆದರೆ ಆ ಮಾಹಿತಿಯ ದೊಡ್ಡ ಪಾಲು ಪ್ರಯೋಗದ್ದಲ್ಲ, ಮೇಲೆ ಹೇಳಿದ ಅಗ್ಗದ ಲೆಕ್ಕದ ವಿಧಾನಗಳದು. 0.3 ಎಲೆಕ್ಟ್ರಾನ್ ವೋಲ್ಟಿನ ತಪ್ಪಿರುವ ಗುರುವಿನಿಂದ ಕಲಿತ ಮಾದರಿ ಅದೇ ತಪ್ಪನ್ನು ಹೆಚ್ಚು ವೇಗದಲ್ಲಿ ಮಾಡುತ್ತದೆ. ಎಚ್ಚರಿಕೆಯಿಂದ ಅಳೆದ ಪ್ರಾಯೋಗಿಕ ರೋಹಿತಗಳ ಮುಕ್ತ ಸಂಗ್ರಹ ಬೆಳೆಯದೆ ಈ ದಾರಿಯಲ್ಲಿ ಹೆಚ್ಚು ದೂರ ಹೋಗಲಾಗದು ಎಂಬುದು ನನ್ನ ದೃಢ ಅಭಿಪ್ರಾಯ.

ಏಕೆಂದರೆ ಹೊಸ ಬಣ್ಣಗಳು ಇಂದಿಗೂ ಒಲೆಯಲ್ಲೇ ಸಿಗುತ್ತಿವೆ. 2009ರಲ್ಲಿ ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಾಸ್ ಸುಬ್ರಮಣಿಯನ್ ಅವರ ತಂಡ ಎಲೆಕ್ಟ್ರಾನಿಕ್ಸ್‌ಗೆ ಬೇಕಾದ ವಸ್ತುವನ್ನು ಹುಡುಕುತ್ತ ಇಟ್ರಿಯಂ, ಇಂಡಿಯಂ, ಮ್ಯಾಂಗನೀಸ್ ಆಕ್ಸೈಡುಗಳನ್ನು ಸಾವಿರ ಡಿಗ್ರಿಗೂ ಮೀರಿದ ಕುಲುಮೆಯಲ್ಲಿ ಕಾಯಿಸಿತು. ಹೊರಬಂದ ಪುಡಿ ಕಣ್ಣು ಕೋರೈಸುವ ನೀಲಿ. ಮೂರು ಆವೇಶದ ಮ್ಯಾಂಗನೀಸಿನ ಆಕ್ಸೈಡುಗಳು ಸಾಮಾನ್ಯವಾಗಿ ಕಂದು ಇಲ್ಲವೆ ಕಪ್ಪು. ಈ ಹರಳಿನಲ್ಲಿ ಮ್ಯಾಂಗನೀಸಿನ ಸುತ್ತ ಆರರ ಬದಲು ಐದೇ ಆಕ್ಸಿಜನ್‌ಗಳು, ಮೂರು ಒಂದು ಸಮತಲದಲ್ಲಿ, ಮೇಲೊಂದು ಕೆಳಗೊಂದು. ಆ ಜ್ಯಾಮಿತಿಯಲ್ಲಿ ಡಿ ಕಕ್ಷಕಗಳು ಬೇರೆಯೇ ರೀತಿಯಲ್ಲಿ ಸೀಳಿ ಕೆಂಪು ಮತ್ತು ಹಸಿರನ್ನು ಹೀರುತ್ತವೆ, ನೀಲಿಯನ್ನು ಬಿಟ್ಟುಕೊಡುತ್ತವೆ. ಬಳಸಿದ ಧಾತುಗಳ ಹೆಸರು ಸೇರಿಸಿ ಇದನ್ನು ಯಿನ್‌ಮಿನ್ ನೀಲಿ ಎಂದು ಕರೆದರು. ಯಾವ ಲೆಕ್ಕವೂ ಇದನ್ನು ಮುಂಚೆ ಹೇಳಿರಲಿಲ್ಲ. ಕಂಡ ಮೇಲೆ ಸಿದ್ಧಾಂತ ಕೆಲಸಕ್ಕೆ ಬಂತು: ಅದೇ ಐದು ಆಕ್ಸಿಜನ್‌ಗಳ ಗೂಡಿನಲ್ಲಿ ಮ್ಯಾಂಗನೀಸಿನ ಬದಲು ಕಬ್ಬಿಣವಿಟ್ಟು ಕಿತ್ತಳೆಯನ್ನು, ತಾಮ್ರವನ್ನು ಸೇರಿಸಿ ಹಸಿರನ್ನು ಆ ತಂಡ ಪಡೆಯಿತು.

ಕೆಂಪು ಮಾತ್ರ ಸಿಕ್ಕಿಲ್ಲ. ಅಚ್ಚ ಕೆಂಪು ಬೇಕಾದರೆ 600 ನ್ಯಾನೋಮೀಟರ್‌ಗಿಂತ ಕೆಳಗಿನದೆಲ್ಲವನ್ನೂ ಹೀರಬೇಕು, ಮೇಲಿನದನ್ನು ಮುಟ್ಟಲೇಬಾರದು. ಡಿ ಕಕ್ಷಕಗಳ ನಡುವಿನ ನೆಗೆತ ಕೊಡುವುದು ಅಲ್ಲೊಂದು ಇಲ್ಲೊಂದು ಅಗಲವಾದ ಗುಡ್ಡ. ಇಲ್ಲಿ ಬೇಕಾದದ್ದು ಕಡಿದಾದ ಗೋಡೆ. ಅಂಥ ಗೋಡೆ ಸಿಗುವುದು ಸುಮಾರು 2 ಎಲೆಕ್ಟ್ರಾನ್ ವೋಲ್ಟ್ ಪಟ್ಟಿ ಅಂತರವಿರುವ (ಎಲೆಕ್ಟ್ರಾನ್ ತುಂಬಿದ ಶಕ್ತಿಪಟ್ಟಿಗೂ ಖಾಲಿ ಪಟ್ಟಿಗೂ ನಡುವೆ ಅಷ್ಟು ಅಂತರವಿರುವ) ಅರೆವಾಹಕಗಳಲ್ಲಿ. ಕ್ಯಾಡ್ಮಿಯಂ ಸಲ್ಫೈಡ್ ಮತ್ತು ಸೆಲೆನೈಡ್‌ಗಳ ಮಿಶ್ರಣ ದಶಕಗಳಿಂದ, ಪಾದರಸದ ಸಲ್ಫೈಡ್ ಶತಮಾನಗಳಿಂದ ಕೊಡುತ್ತ ಬಂದಿರುವ ಕೆಂಪು ಇದೇ, ಆದರೆ ಎರಡರ ಲೋಹವೂ ವಿಷ. ಸೀರಿಯಂ ಸಲ್ಫೈಡ್ ವಿಷವಲ್ಲದ ಪರ್ಯಾಯಗಳಲ್ಲಿ ಒಂದು. ಅಲ್ಲಿ ಸೀರಿಯಂನ ಎಫ್ ಎಲೆಕ್ಟ್ರಾನ್ ಡಿ ಪಟ್ಟಿಗೆ ನೆಗೆಯುವುದರಿಂದ ಆ ಗೋಡೆ ಏಳುತ್ತದೆ. ವಿಷವಿಲ್ಲದ, ಬಿಸಿಲಿಗೂ ಬೆಂಕಿಗೂ ಮಾಸದ, ಆಕ್ಸೈಡಿನಲ್ಲೇ ಸಿಗುವ ಗಾಢ ಕೆಂಪಿಗಾಗಿ ಹುಡುಕಾಟ ನಡೆದೇ ಇದೆ. ಪಟ್ಟಿ ಅಂತರವನ್ನು 0.1 ಎಲೆಕ್ಟ್ರಾನ್ ವೋಲ್ಟಿನ ಒಳಗೆ ಮುಂಚಿತವಾಗಿ ಹೇಳಬಲ್ಲ ಲೆಕ್ಕವೊಂದು ಕೈಗೆ ಬಂದರೆ ಯಾವ ಮಿಶ್ರಣವನ್ನು ಕುಲುಮೆಗೆ ಹಾಕಬೇಕೆಂದು ಅದು ಹೇಳಬಲ್ಲದು. ಸದ್ಯಕ್ಕೆ ಸಂಶೋಧಕರು ಒಂದೊಂದು ಮಿಶ್ರಣವನ್ನೂ ಅರೆದು, ಕಾಯಿಸಿ, ಹೊರತೆಗೆದು ನೋಡುತ್ತಿದ್ದಾರೆ.